ವಿಮೆ ಬೇಡದ ಸೈಕಲಿಗೆ ಹೊಣೆಯೂ ಬೇಡವೇ?

ದೊಡ್ಡಬಳ್ಳಾಪುರದಲ್ಲಿ ಕತ್ತಲಾದರೂ ಮಗ್ಗದ ಸದ್ದು ನಿಲ್ಲುವುದಿಲ್ಲ. ಆ ಕಟಕಟ ಸದ್ದಿನ ನಡುವೆ ಬ್ಯಾಟರಿ ಸೈಕಲ್ ಬಂದದ್ದು ಯಾರಿಗೂ ಕೇಳಿಸಲಿಕ್ಕಿಲ್ಲ. ಕಳೆದ ಚಳಿಗಾಲದ ಒಂದು ದಿನ ಮಗ್ರಿಬ್ ಕಳೆದ ಹೊತ್ತಿನಲ್ಲಿ ನಮ್ಮ ಬಂಟ್ವಾಳ ಕಡೆಯ ಹುಡುಗನೊಬ್ಬ ಹೋಟೆಲಿನ ಪಾರ್ಸೆಲ್ ಹಿಡಿದುಕೊಂಡು ಇಂಥ ಸೈಕಲಿನಲ್ಲಿ ಹೋಗುತ್ತಿದ್ದ. ಓಣಿಯಿಂದ ರಸ್ತೆಗೆ ಕಾಲಿಟ್ಟ ವಯಸ್ಸಾದ ನೇಕಾರರೊಬ್ಬರಿಗೆ ಗುದ್ದಿದ. ಹುಡುಗನ ಮೊಣಕೈ ತರಚಿತು, ಅಷ್ಟೆ. ಅಜ್ಜನ ಸೊಂಟದ ಮೂಳೆ ಮುರಿಯಿತು.

ಹೋಟೆಲಿನವರು ಕರೆದ ಕಾರಣ ನಾನೂ ಆಸ್ಪತ್ರೆಗೆ ಹೋದೆ. ಅಜ್ಜನ ಮಗ ಹೊರಗೆ ಬಂದು ನನ್ನ ಹತ್ತಿರ ಹೇಳಿದರು: "ಗುರುಗಳೇ, ನಾವು ಜಗಳ ಮಾಡಕ್ಕೆ ಬಂದಿಲ್ಲ. ಗಾಡಿ ಇನ್ಶೂರೆನ್ಸ್ ಪೇಪರ್ ಕೊಡ್ಸಿ, ಮಿಕ್ಕಿದ್ದು ನಾವು ನೋಡ್ಕೋತೀವಿ." ನಾನು ಹುಡುಗನ ಮುಖ ನೋಡಿದೆ. ಅವನು ನೆಲ ನೋಡುತ್ತಾ, "ಉಸ್ತಾದ್, ಅಂಗಡಿಯವರು ಇದಕ್ಕೆ ಲೈಸೆನ್ಸ್ ಬೇಡ, ಆರ್‌ಸಿ ಬೇಡ, ಇನ್ಶೂರೆನ್ಸೂ ಬೇಡ ಅಂತ ಹೇಳಿದ್ದು" ಎಂದ. ಅಂಗಡಿಯವರು ಹೇಳಿದ್ದು ಸುಳ್ಳೂ ಅಲ್ಲ. ಆದರೆ ಆ ಹೊತ್ತಿನಲ್ಲಿ ಆ ನಿಜದಿಂದ ಯಾರಿಗೂ ಒಂದು ಪೈಸೆ ಉಪಕಾರ ಆಗಲಿಲ್ಲ.

ನನಗೂ ಒಂದು ಇ-ಸೈಕಲ್ ಉಂಟು. ಬೆಳಿಗ್ಗೆ ಒಂದು ಮದ್ರಸ, ಸಂಜೆ ಇನ್ನೊಂದು ಕಡೆ ಪಾಠ. ಪೆಟ್ರೋಲ್ ಹಾಕಿ ಸ್ಕೂಟರ್ ಓಡಿಸುವಷ್ಟು ಸಂಬಳ ನಮ್ಮಂಥವರಿಗೆ ಎಲ್ಲಿಂದ? ಆ ಘಟನೆಯ ನಂತರ ನಾನು ನನ್ನ ಸೈಕಲಿಗೆ ವಿಮೆ ಮಾಡಿಸಲಿಕ್ಕೆ ಅಂತ ಒಂದು ಕಚೇರಿಗೆ ಹೋದೆ. ಅಲ್ಲಿದ್ದವರು ಕೇಳಿದ ಮೊದಲ ಪ್ರಶ್ನೆ, "ಗಾಡಿ ನಂಬರ್ ಹೇಳಿ." ನಂಬರ್ ಇಲ್ಲ. "ಆರ್‌ಸಿ?" ಅದೂ ಇಲ್ಲ. "ಹಾಗಾದ್ರೆ ಪಾಲಿಸಿ ಯಾವುದರ ಮೇಲೆ ಮಾಡೋದು ಸ್ವಾಮಿ?" ಅಂತ ನಗಾಡಿದರು. ಅಂದಿನಿಂದ ಈ ವಿಷಯವನ್ನು ಸ್ವಲ್ಪ ಓದಿದೆ, ತಿಳಿದವರ ಹತ್ತಿರ ಕೇಳಿದೆ. ತಿಳಿದದ್ದನ್ನು ಓದುಗರ ಮುಂದೆ ಇಡುತ್ತಿದ್ದೇನೆ. ನೆಲಮಂಗಲದ ಗೋಡೌನುಗಳಿಂದ ಹಿಡಿದು ದೇವನಹಳ್ಳಿ, ಹೊಸಕೋಟೆಯವರೆಗೆ ದುಡಿಯುವ ನಮ್ಮ ಹುಡುಗರ ಕಾಲಡಿಯಲ್ಲಿ ಇವತ್ತು ಇಂಥ ಗಾಡಿಗಳೇ ಇರುವುದು.

ಮೊದಲು ಕಾನೂನು. ಮೋಟಾರು ವಾಹನ ಅಂದರೆ ನೋಂದಣಿ, ಲೈಸೆನ್ಸ್, ಥರ್ಡ್ ಪಾರ್ಟಿ ವಿಮೆ ಮೂರೂ ಕಡ್ಡಾಯ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಮು ವಿಮೆಯ ಬಗ್ಗೆ ಇದನ್ನೇ ಹೇಳುವುದು. ಆದರೆ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಸಣ್ಣ ಬ್ಯಾಟರಿ ಗಾಡಿಗಳಿಗೆ ಒಂದು ವಿನಾಯಿತಿ ಉಂಟು. ಮೋಟಾರಿನ ಶಕ್ತಿ 250 ವ್ಯಾಟಿಗಿಂತ ಕಡಿಮೆ ಇರಬೇಕು, ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇರಬೇಕು, ಬ್ಯಾಟರಿ ಬಿಟ್ಟು ಗಾಡಿಯ ತೂಕ 60 ಕೆ.ಜಿ. ದಾಟಬಾರದು. ಪೆಡಲ್ ತುಳಿಯುವ ಸೈಕಲಾದರೆ, ವೇಗ 25 ಮುಟ್ಟಿದ ಕೂಡಲೇ ಅಥವಾ ತುಳಿಯುವುದನ್ನು ನಿಲ್ಲಿಸಿದ ಕೂಡಲೇ ಮೋಟಾರು ತಾನಾಗಿ ನಿಲ್ಲಬೇಕು. ಇಷ್ಟು ಶರತ್ತುಗಳಿಗೆ ಒಳಪಟ್ಟರೆ ಅದು ಕಾನೂನಿನ ಕಣ್ಣಿಗೆ ಮೋಟಾರು ವಾಹನವೇ ಅಲ್ಲ, ಬರೀ ಸೈಕಲು. ಇದಕ್ಕೆ ಸರಕಾರ ಒಪ್ಪಿದ ಪರೀಕ್ಷಾ ಸಂಸ್ಥೆಯ ಸರ್ಟಿಫಿಕೇಟ್ ಇರಬೇಕು. ಗಾಡಿ ಕೊಳ್ಳುವಾಗ ಅದರ ಪ್ರತಿಯನ್ನು ಅಂಗಡಿಯವರ ಹತ್ತಿರ ಕೇಳಿ ತೆಗೆದುಕೊಳ್ಳಿ. ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ?

ಇಲ್ಲೇ ಮೊದಲ ಮೋಸ ಇರುವುದು. ಸರ್ಟಿಫಿಕೇಟ್ 25ರದ್ದು, ಗಾಡಿ ಓಡುವುದು 40ರಲ್ಲಿ. ಸಣ್ಣದೊಂದು ವಯರು ಕಿತ್ತರೆ ವೇಗದ ಲಾಕ್ ಹೋಗುತ್ತದೆ ಅಂತ ಹುಡುಗರೇ ನನಗೆ ಹೇಳಿಕೊಟ್ಟರು. ಕೆಲವರು ಹಳೆಯ ಸೈಕಲಿಗೆ ದೊಡ್ಡ ಮೋಟಾರಿನ ಕಿಟ್ ಕೂರಿಸಿಕೊಳ್ಳುತ್ತಾರೆ. ವಯರು ಕಿತ್ತ ಕ್ಷಣಕ್ಕೆ ಆ ಸೈಕಲು ಮೋಟಾರು ವಾಹನ ಆಗಿಬಿಡುತ್ತದೆ. ನಂಬರ್ ಇಲ್ಲದ, ಲೈಸೆನ್ಸ್ ಇಲ್ಲದ, ವಿಮೆ ಇಲ್ಲದ ಮೋಟಾರು ವಾಹನ. 2019ರ ತಿದ್ದುಪಡಿಯ ನಂತರ ವಿಮೆ ಇಲ್ಲದೆ ಓಡಿಸಿದ್ದಕ್ಕೆ ಮೊದಲ ಸಲ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಲೈಸೆನ್ಸ್ ಇಲ್ಲದ್ದಕ್ಕೆ ಬೇರೆ 5,000. ಓಡಿಸಿದವನು 18 ತುಂಬದ ಹುಡುಗನಾದರೆ ಕತೆ ಇನ್ನೂ ಕಷ್ಟ. 199ಎ ಕಲಮಿನ ಪ್ರಕಾರ ತಂದೆ ಅಥವಾ ಗಾಡಿಯ ಮಾಲೀಕನಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಎಂಟನೇ ಕ್ಲಾಸಿನ ಮಗ ಇಂಥ ಗಾಡಿಯಲ್ಲಿ ಮದ್ರಸಕ್ಕೆ ಬಂದಾಗ "ಮಾಶಾ ಅಲ್ಲಾಹ್, ಹುಷಾರಾಗಿದ್ದಾನೆ" ಅನ್ನುವ ತಂದೆಯರು ಇದನ್ನು ನೆನಪಿಡಬೇಕು.

ಎರಡನೆಯ ಮೋಸ ನಮ್ಮ ಮನಸ್ಸಿನದ್ದು. ಕಾನೂನು "ವಿಮೆ ಬೇಡ" ಅಂದದ್ದನ್ನು ನಾವು "ಹೊಣೆ ಬೇಡ" ಅಂತ ಅರ್ಥ ಮಾಡಿಕೊಂಡಿದ್ದೇವೆ. ಹಾಗಿಲ್ಲ ಮಾರಾಯ್ರೆ. ಸೈಕಲೂ ಒಂದು ವಾಹನವೇ. ಅಜಾಗರೂಕತೆಯಿಂದ ಓಡಿಸಿ ಒಬ್ಬರಿಗೆ ಗಾಯ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕೇಸು ಆಗುತ್ತದೆ. ಪರಿಹಾರಕ್ಕೆ ಸಿವಿಲ್ ದಾವೆ ಹಾಕುವ ಹಕ್ಕು ಗಾಯಗೊಂಡವರಿಗೆ ಉಂಟು. ಹುಡುಗ ಹೋಟೆಲಿನ ಕೆಲಸದ ಮೇಲೆ ಹೋಗುತ್ತಿದ್ದರೆ ಆ ಹೊಣೆ ಮಾಲೀಕರ ಬಾಗಿಲಿಗೂ ಬರುತ್ತದೆ. ಸ್ಕೂಟರಾದರೆ ಈ ಭಾರವನ್ನು ವಿಮಾ ಕಂಪೆನಿ ಹೊರುತ್ತದೆ. ಇ-ಸೈಕಲಾದರೆ ಅದನ್ನು ತಿಂಗಳ ಸಂಬಳದವನು ಒಬ್ಬನೇ ಹೊರಬೇಕು. ವಿನಾಯಿತಿಯ ಇನ್ನೊಂದು ಮುಖ ಇದು.

ಆದ ಕಾರಣ ಇ-ಸೈಕಲಿಗೆ ವಿಮೆ ಹುಡುಕುವವರು "ಸೈಕಲು ಕಳುವಾದರೆ ಎಷ್ಟು ಸಿಗುತ್ತದೆ" ಅಂತ ಶುರು ಮಾಡಬಾರದು ಅನ್ನುವುದು ನನ್ನ ಅಭಿಪ್ರಾಯ. ಸೈಕಲು ಹೋದರೆ ಇನ್ನೊಂದು ಬಂದೀತು. ಹುಡುಕುವ ಕ್ರಮ ಹೀಗಿರಲಿ: ಮೊದಲು ನಮ್ಮಿಂದ ಪೆಟ್ಟು ತಿನ್ನುವವರು, ಆಮೇಲೆ ಸವಾರ, ಆಮೇಲೆ ಮನೆ, ಕೊನೆಗೆ ಗಾಡಿ.

ಎದುರಿನವರ ವಿಷಯದಲ್ಲಿ ದಾರಿಗಳು ಕಡಿಮೆ. ಸರಕಾರಿ ವಲಯದ ವಿಮಾ ಕಂಪೆನಿಗಳು ಹಿಂದಿನಿಂದಲೂ ಕೊಡುತ್ತಾ ಬಂದ "ಹೌಸ್‌ಹೋಲ್ಡರ್" ಪಾಲಿಸಿಗಳಲ್ಲಿ ಪೆಡಲ್ ಸೈಕಲಿಗೆ ಒಂದು ಭಾಗ, ಸಾರ್ವಜನಿಕ ಹೊಣೆಗೆ ಇನ್ನೊಂದು ಭಾಗ ಇರುವುದುಂಟು. ಈಗ ಕೆಲವು ಖಾಸಗಿ ಕಂಪೆನಿಗಳೂ ಪ್ರತ್ಯೇಕ ಸೈಕಲ್ ವಿಮೆ ಮಾರುತ್ತವೆ. ಆದರೆ ಏಜೆಂಟರ ಬಾಯಿಮಾತು ಕೇಳಿ ಹಣ ಕಟ್ಟಬೇಡಿ. ಮೂರು ಪ್ರಶ್ನೆ ಕೇಳಿ, ಉತ್ತರ ಬರಹದಲ್ಲಿ ತೆಗೆದುಕೊಳ್ಳಿ. ಒಂದು, ಮೋಟಾರು ಇರುವ ಸೈಕಲು ಇದರೊಳಗೆ ಬರುತ್ತದೋ ಇಲ್ಲವೋ. ಎರಡು, ನನ್ನ ಸೈಕಲಿನಿಂದ ಬೇರೆಯವರಿಗೆ ಗಾಯವಾದರೆ ಎಷ್ಟು ಮೊತ್ತದವರೆಗೆ ಕೊಡುತ್ತೀರಿ. ಮೂರು, ಪಾರ್ಸೆಲ್ ಕೊಡುವ ಕೆಲಸಕ್ಕೆ ಬಳಸಿದರೂ ಇದು ನಡೆಯುತ್ತದೋ. ಮೂರನೆಯದನ್ನು ಕೇಳದೆ ಪಾಲಿಸಿ ಮಾಡಿಸಿದವರಿಗೆ ಕ್ಲೇಮಿನ ದಿನ "ಇದು ಸ್ವಂತ ಬಳಕೆಗೆ ಮಾತ್ರ" ಅನ್ನುವ ಉತ್ತರ ಸಿಕ್ಕೀತು.

ಇಲ್ಲಿ ಒಂದು ಹೋಲಿಕೆ ಮಾಡಿ ನೋಡಿ. 3 ಕಿಲೋವ್ಯಾಟಿನ ಒಳಗಿನ ನೋಂದಾಯಿತ ಇಲೆಕ್ಟ್ರಿಕ್ ಸ್ಕೂಟರಿಗೆ 2022ರ ಜೂನಿನಲ್ಲಿ ಕೇಂದ್ರ ಸರಕಾರ ನಿಗದಿ ಮಾಡಿದ ಥರ್ಡ್ ಪಾರ್ಟಿ ಕಂತು ವರ್ಷಕ್ಕೆ 457 ರೂಪಾಯಿ. ಶೇ.18 ಜಿಎಸ್‌ಟಿ ಸೇರಿದರೆ 540ರ ಹತ್ತಿರ. ಹೊಸ ಗಾಡಿಯಾದರೆ ಐದು ವರ್ಷದ್ದನ್ನು ಒಟ್ಟಿಗೆ ಕಟ್ಟಬೇಕು. ಇಷ್ಟು ಕಟ್ಟಿದರೆ ಎದುರಿನವರ ಸಾವು, ಗಾಯಕ್ಕೆ ನ್ಯಾಯಮಂಡಳಿ ಹೇಳಿದಷ್ಟು ಪರಿಹಾರವನ್ನು ಕಂಪೆನಿ ಕೊಡಬೇಕಾಗುತ್ತದೆ. ಲೈಸೆನ್ಸ್ ಇರುವ ಮಾಲೀಕ-ಸವಾರನಿಗೆ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆಯನ್ನೂ ಇದರ ಜೊತೆಗೆ ಮಾಡಿಸಬೇಕು ಅಂತ ನಿಯಮ ಉಂಟು. ದಿನಕ್ಕೆ ಹತ್ತು ಗಂಟೆ ರಸ್ತೆಯಲ್ಲೇ ಇರುವ ಹುಡುಗರು, ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ದಾಟಿ ಹೊಸಕೋಟೆಗೆ ಹೋಗುವ ಹೆದ್ದಾರಿಯಲ್ಲಿ ಕಂಟೈನರ್ ಲಾರಿಗಳ ಪಕ್ಕದಲ್ಲಿ ಓಡಾಡುವವರು, ಹಸಿರು ನಂಬರ್ ಪ್ಲೇಟಿನ ನೋಂದಾಯಿತ ಗಾಡಿಯನ್ನೇ ತೆಗೆದುಕೊಳ್ಳುವುದು ಒಳ್ಳೆಯದು. ಕೊಳ್ಳುವಾಗ ಖರ್ಚು ಜಾಸ್ತಿ, ಹೌದು. ಆದರೆ ನಮಗೆ ಬೇಕಾದ ವಿಮೆ ಅದರ ಜೊತೆಗೇ ಬರುತ್ತದೆ. ಮನೆಯಿಂದ ಮಸೀದಿಗೆ, ಅಂಗಡಿಗೆ ಹೋಗಿ ಬರುವ ನನ್ನಂಥವನಿಗೆ ಸೈಕಲು ಸಾಕು.

ಇನ್ನು ಸವಾರ. ಇಲ್ಲಿ ದಾರಿ ಸುಲಭ ಉಂಟು. ಸೈಕಲಿಗೆ ನಂಬರ್ ಇಲ್ಲದಿದ್ದರೂ ಮನುಷ್ಯನಿಗೆ ವಿಮೆ ಮಾಡಿಸಬಹುದಲ್ಲ! 2015ರಲ್ಲಿ ಶುರುವಾದ ಪ್ರಧಾನ ಮಂತ್ರಿ ಸುರಕ್ಷಾ ಬೀಮಾ ಯೋಜನೆಯ ಕಂತು ಈಗ ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದವರೆಗಿನ, ಬ್ಯಾಂಕ್ ಅಥವಾ ಅಂಚೆ ಖಾತೆ ಇರುವ ಯಾರೂ ಸೇರಬಹುದು. ಅಪಘಾತದಲ್ಲಿ ಮರಣ ಅಥವಾ ಪೂರ್ಣ ಅಂಗವಿಕಲತೆಗೆ 2 ಲಕ್ಷ, ಭಾಗಶಃ ಶಾಶ್ವತ ಅಂಗವಿಕಲತೆಗೆ 1 ಲಕ್ಷ. ವರ್ಷ ಲೆಕ್ಕ ಜೂನ್ 1ರಿಂದ ಮೇ 31ರವರೆಗೆ. ಮೇ ಕೊನೆಗೆ ಖಾತೆಯಲ್ಲಿ 20 ರೂಪಾಯಿ ಇಲ್ಲದೆ ವಿಮೆ ತಪ್ಪಿಹೋದವರನ್ನು ನಾನು ನೋಡಿದ್ದೇನೆ. ಒಂದು ಚಹಾ, ಒಂದು ಬನ್ಸಿನ ದುಡ್ಡು ಅದು. ಆಸ್ಪತ್ರೆಯ ಬಿಲ್ಲನ್ನು ಈ ಯೋಜನೆ ಕಟ್ಟುವುದಿಲ್ಲ ಅನ್ನುವುದೂ ಗೊತ್ತಿರಲಿ.

ಹೆಚ್ಚಿನ ಮೊತ್ತ ಬೇಕಾದವರಿಗೆ ವಿಮಾ ನಿಯಂತ್ರಣ ಪ್ರಾಧಿಕಾರವು 2021ರಿಂದ ಎಲ್ಲಾ ಕಂಪೆನಿಗಳಿಗೂ ಒಂದೇ ಶರತ್ತಿನಲ್ಲಿ ತಂದ "ಸರಳ ಸುರಕ್ಷಾ ಬೀಮಾ" ಉಂಟು. ಇದೂ ವೈಯಕ್ತಿಕ ಅಪಘಾತ ವಿಮೆಯೇ. ಎರಡೂವರೆ ಲಕ್ಷದಿಂದ 1 ಕೋಟಿಯವರೆಗೆ ಮಾಡಿಸಬಹುದು. ಕೆಲಸಕ್ಕೆ ಹೋಗಲಾಗದ ದಿನಗಳಿಗೆ, ಆಸ್ಪತ್ರೆ ಖರ್ಚಿಗೆ ಸ್ವಲ್ಪ ಹೆಚ್ಚು ಕಟ್ಟಿ ಆ ಭಾಗಗಳನ್ನು ಸೇರಿಸಿಕೊಳ್ಳಬಹುದು. ಆ್ಯಪ್ ಕಂಪೆನಿಗಳಿಗೆ ಡೆಲಿವರಿ ಮಾಡುವ ಹುಡುಗರಿಗೆ ರಾಜ್ಯ ಸರಕಾರ 2023ರಲ್ಲಿ ಘೋಷಿಸಿದ ಗಿಗ್ ಕಾರ್ಮಿಕರ ವಿಮಾ ಯೋಜನೆ ಬೇರೆ. ಅಪಘಾತದಲ್ಲಿ ತೀರಿಕೊಂಡರೆ ಜೀವ ವಿಮೆ 2 ಲಕ್ಷ, ಅಪಘಾತ ವಿಮೆ 2 ಲಕ್ಷ ಸೇರಿ ಮನೆಯವರಿಗೆ 4 ಲಕ್ಷ. ಕಂತು ಸರಕಾರದ್ದೇ. ಸೇವಾ ಸಿಂಧು ಮೂಲಕ ನೋಂದಾಯಿಸಬೇಕು. ಆದರೆ ಹೋಟೆಲಿನ ಸಂಬಳದಲ್ಲಿದ್ದು ಹೋಟೆಲಿನ ಪಾರ್ಸೆಲ್ ಕೊಡುವವನು ಇದರಲ್ಲಿ ಬರುವುದಿಲ್ಲ. ಅವನಿಗೆ ಮಾಲೀಕರೇ ಗುಂಪು ಅಪಘಾತ ವಿಮೆ ಮಾಡಿಸಬೇಕು. ಊರಿನಿಂದ ಹುಡುಗರನ್ನು ಕರೆಸಿಕೊಂಡು ಊಟ, ರೂಮು ಕೊಡುವ ನಮ್ಮ ಹೋಟೆಲು, ಜ್ಯೂಸ್ ಅಂಗಡಿಯವರು ಇದನ್ನೂ ಆ ಲೆಕ್ಕಕ್ಕೇ ಸೇರಿಸಲಿ.

ನಮ್ಮ ಸೈಕಲಿಗೆ ಲಾರಿಯೋ ಕಾರೋ ಬಡಿದರೆ ಆಗ ನಾವೇ ಥರ್ಡ್ ಪಾರ್ಟಿ. ಸೈಕಲಿಗೆ ವಿಮೆ ಇಲ್ಲದಿದ್ದರೂ ಬಡಿದ ಗಾಡಿಯ ವಿಮೆಯಿಂದ ಪರಿಹಾರ ಕೇಳುವ ಹಕ್ಕು ಉಂಟು. ಗಾಡಿಯ ನಂಬರ್ ಬರೆದುಕೊಳ್ಳಿ, 112ಕ್ಕೆ ಕರೆ ಮಾಡಿ, ಎಫ್‌ಐಆರ್ ಮಾಡಿಸಿ, ಬಿಲ್ಲುಗಳನ್ನು ಜೋಪಾನ ಮಾಡಿ, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ತಡ ಮಾಡದೆ ಅರ್ಜಿ ಹಾಕಿ. ಗುದ್ದಿ ಓಡಿಹೋದ ಗಾಡಿ ಸಿಗದಿದ್ದರೂ ಮರಣಕ್ಕೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ಸರಕಾರಿ ಪರಿಹಾರ ಇದೆ. 2025ರ ಮೇಯಲ್ಲಿ ಜಾರಿಗೆ ಬಂದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ ಮೋಟಾರು ವಾಹನದಿಂದ ಅಪಘಾತವಾದವರಿಗೆ ಏಳು ದಿನಗಳವರೆಗೆ, 1.5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. "ಮೋಟಾರು ವಾಹನದಿಂದ" ಅನ್ನುವ ಪದವನ್ನು ಗಮನಿಸಿ. ನಮ್ಮ ದೊಡ್ಡಬಳ್ಳಾಪುರದ ಅಜ್ಜನನ್ನು ಗುದ್ದಿದ್ದು ಕಾನೂನಿನ ಪ್ರಕಾರ ಮೋಟಾರು ವಾಹನ ಅಲ್ಲ. ಲಾರಿ ಬಡಿದಿದ್ದರೆ ಅವರಿಗೆ ಒಂದು ದಾರಿ ಇತ್ತು. ಸೈಕಲು ಬಡಿದ ಕಾರಣ ಅದೂ ಇಲ್ಲವಾಯಿತು.

ಮನೆ ಮತ್ತು ಗಾಡಿಯ ಬಗ್ಗೆ ಎರಡೇ ಮಾತು. ಬ್ಯಾಟರಿಯನ್ನು ಹೊರಬಾಗಿಲ ದಾರಿಯಲ್ಲಿ, ರಾತ್ರಿ ಎಲ್ಲರೂ ಮಲಗಿದ ಮೇಲೆ ಚಾರ್ಜಿಗೆ ಹಾಕಬೇಡಿ. ಒಂದು ರೂಮಿನಲ್ಲಿ ಆರು ಜನ ಮಲಗುವ ಕಡೆ ಬೆಂಕಿ ಹಿಡಿದರೆ ಓಡಲಿಕ್ಕೆ ದಾರಿ ಇರಬೇಕು. 2021ರಿಂದ ಇರುವ "ಭಾರತ್ ಗೃಹ ರಕ್ಷಾ" ಪಾಲಿಸಿಯಲ್ಲಿ ಬಾಡಿಗೆಗೆ ಇರುವವರೂ ಮನೆಯ ಸಾಮಾನುಗಳಿಗೆ ವಿಮೆ ಮಾಡಿಸಬಹುದು. ಶಾರ್ಟ್ ಆಗಿ ಸುಟ್ಟ ಉಪಕರಣಕ್ಕೆ ಅದರಲ್ಲಿ ಹಣ ಸಿಗಲಿಕ್ಕಿಲ್ಲ, ಅದರಿಂದ ಹಬ್ಬಿದ ಬೆಂಕಿಗೆ ಸುಟ್ಟ ಉಳಿದ ಸಾಮಾನುಗಳಿಗೆ ಸಿಗುತ್ತದೆ. ಗಾಡಿಯ ಬಿಲ್ಲು, ಫ್ರೇಮಿನ ನಂಬರ್, ಒಂದು ಫೋಟೊ ಫೋನಿನಲ್ಲಿ ಇರಲಿ. ಕಳುವಾದರೆ ಪೊಲೀಸರು ಮೊದಲು ಕೇಳುವುದೂ, ಕಂಪೆನಿ ಕೊನೆಗೆ ಕೇಳುವುದೂ ಅದನ್ನೇ. ನ್ಯಾಯವಾದ ಕ್ಲೇಮನ್ನು ಕಂಪೆನಿ ತಿರಸ್ಕರಿಸಿದರೆ ಬೆಂಗಳೂರಿನಲ್ಲಿ ವಿಮಾ ಒಂಬುಡ್ಸ್‌ಮನ್ ಕಚೇರಿ ಉಂಟು. ಅಲ್ಲಿ ದೂರು ಕೊಡಲಿಕ್ಕೆ ಫೀಸು ಇಲ್ಲ, ವಕೀಲರೂ ಬೇಡ.

ಇಷ್ಟು ಓದಿದ ಮೇಲೆ ಕೆಲವರು ಕೇಳುತ್ತಾರೆ ಅಂತ ನನಗೆ ಗೊತ್ತು: "ಉಸ್ತಾದ್, ಇನ್ಶೂರೆನ್ಸ್ ಆಗ್ತದಾ?" ಕೇಳಬೇಕಾದ ಪ್ರಶ್ನೆಯೇ. 1985ರಲ್ಲಿ ಜಿದ್ದಾದ ಫಿಕ್ಹ್ ಅಕಾಡೆಮಿ ವಾಣಿಜ್ಯ ವಿಮೆಯಲ್ಲಿ ಅನಿಶ್ಚಿತತೆಯ ದೋಷ ಇದೆ, ಪರಸ್ಪರ ಸಹಕಾರದ ವಿಮೆ ಸರಿ ಅಂತ ತೀರ್ಮಾನಿಸಿತು. ಮಲೇಷ್ಯಾದಲ್ಲಿ 1984ರಲ್ಲೇ ತಕಾಫುಲ್ ಕಾಯ್ದೆ ಬಂತು. ನಮ್ಮ ದೇಶದಲ್ಲಿ ತಕಾಫುಲ್ ಕಂಪೆನಿ ಇಲ್ಲ. ಕಾನೂನು ಕಡ್ಡಾಯ ಮಾಡಿದ ವಿಮೆಯನ್ನು ಮಾಡಿಸುವುದಕ್ಕೆ ಉಲಮಾಗಳು ಅನುವು ಕೊಟ್ಟಿದ್ದಾರೆ. ಉಳಿದದ್ದರಲ್ಲಿ ಅಭಿಪ್ರಾಯ ಭೇದ ಉಂಟು. ನಾನು ಇಲ್ಲಿ ಫತ್ವಾ ಕೊಡಲಿಕ್ಕೆ ಕೂತದ್ದಲ್ಲ. ನಿಮ್ಮ ನಿಮ್ಮ ಖತೀಬರ, ಖಾಝಿಯವರ ಹತ್ತಿರ ಕೇಳಿ. ಆದರೆ ಒಂದು ಮಾತು. "ವಿಮೆ ಬೇಡ, ನನಗೆ ತವಕ್ಕುಲ್ ಉಂಟು" ಅನ್ನುವವರು ಒಂಟೆಯನ್ನು ಮೊದಲು ಕಟ್ಟಿ ಹಾಕಲಿ. ನಿನ್ನ ತವಕ್ಕುಲಿನ ಖರ್ಚನ್ನು ಗುದ್ದಿಸಿಕೊಂಡ ಅಜ್ಜ ಯಾಕೆ ಕೊಡಬೇಕು? ಮನುಷ್ಯರ ಹಕ್ಕನ್ನು ಮನುಷ್ಯರೇ ಕ್ಷಮಿಸಬೇಕು ಅಂತ ನಾವು ಮಕ್ಕಳಿಗೆ ಮದ್ರಸದಲ್ಲಿ ಕಲಿಸುತ್ತೇವೆ.

ನಮ್ಮ ಕಿತಾಬುಗಳಲ್ಲಿ "ಆಖಿಲ" ಅನ್ನುವ ಪಾಠ ಉಂಟು. ಗೊತ್ತಿಲ್ಲದೆ ಒಬ್ಬನ ಕೈಯಿಂದ ಇನ್ನೊಬ್ಬನ ಪ್ರಾಣ ಹೋದರೆ ಪರಿಹಾರದ ಭಾರ ಅವನೊಬ್ಬನ ಮೇಲೆ ಬೀಳುವುದಿಲ್ಲ, ಅವನ ಕುಲದವರು ಹಂಚಿಕೊಳ್ಳುತ್ತಾರೆ. ಓದುವಾಗ ಇದು ಹಳೆಯ ಕಾಲದ ಮಾತು ಅಂತ ದಾಟಿ ಹೋಗುತ್ತೇವೆ. ಊರಿನಿಂದ ದೂರ ಬಂದು, ಹೆದ್ದಾರಿ ಪಕ್ಕದ ರೂಮುಗಳಲ್ಲಿ ಇರುವ ಹುಡುಗರಿಗೆ ಜಮಾಅತ್ ಬಿಟ್ಟು ಬೇರೆ ಕುಲ ಯಾವುದು?

ಜಮಾಅತ್ ಏನೂ ಮಾಡುವುದಿಲ್ಲ ಅಂತ ಅಲ್ಲ. ಹುಡುಗನೊಬ್ಬ ಬಿದ್ದರೆ ಜುಮುಆ ನಂತರ ಎದ್ದು ನಿಂತು ಹೇಳುತ್ತೇವೆ, ಬಾಗಿಲಲ್ಲಿ ಟವೆಲ್ ಹಿಡಿಯುತ್ತೇವೆ, ಅರ್ಧ ಗಂಟೆಯಲ್ಲಿ ಹಣ ಆಗುತ್ತದೆ. ನಮ್ಮದು ಒಳ್ಳೆಯ ಜನ. ಆದರೆ ಆ ಟವೆಲ್ ಯಾವಾಗಲೂ ಅಪಘಾತದ ನಂತರ ಬರುತ್ತದೆ, ನಮ್ಮವನಿಗಾಗಿ ಮಾತ್ರ ಬರುತ್ತದೆ. ಮೊನ್ನೆ ಅಜ್ಜನ ಆಪರೇಷನ್ನಿಗೆ 1.40 ಲಕ್ಷ ಬಿಲ್ ಆದಾಗ ಹೋಟೆಲಿನವರು ಅರ್ಧ ಹಾಕಿದರು. ಉಳಿದದ್ದಕ್ಕೆ ಎತ್ತುವಳಿ ಮಾಡೋಣ ಅಂದಾಗ ಒಬ್ಬರು ಮೆಲ್ಲಗೆ, "ಅವರು ನಮ್ಮವರಲ್ಲವಲ್ಲ ಉಸ್ತಾದ್" ಅಂದರು. ಗುದ್ದಿದ್ದು ನಮ್ಮವನೇ ಅಲ್ಲವಾ ಅಂತ ನಾನು ಕೇಳಿದೆ. ಅವರು ಮತ್ತೆ ಮಾತಾಡಲಿಲ್ಲ, ತಾವೇ ಮೊದಲು ಕಿಸೆಗೆ ಕೈ ಹಾಕಿದರು. ಆದರೂ 20 ಸಾವಿರ ಕಡಿಮೆ ಬಿತ್ತು. ಅದನ್ನು ಹುಡುಗ ಸಂಬಳದಲ್ಲಿ ತಿಂಗಳಿಗೆ 2,000ದಂತೆ ಈಗಲೂ ತೀರಿಸುತ್ತಿದ್ದಾನೆ. ಅವನ ಉಮ್ಮನಿಗೆ ಊರಿಗೆ ಕಳಿಸುವ ಹಣದಲ್ಲಿ ಅಷ್ಟು ಕಡಿಮೆ.

ಈ ಟವೆಲನ್ನು ಅಪಘಾತದ ಮೊದಲೇ ಹಿಡಿಯಲಿಕ್ಕೆ ಆಗುವುದಿಲ್ಲವೇ? ಒಂದು ಮೊಹಲ್ಲಾದಲ್ಲಿ ನೂರು ಮನೆ, ರೂಮುಗಳಿಂದ ತಿಂಗಳಿಗೆ 20 ರೂಪಾಯಿ ಬಂದರೆ ವರ್ಷಕ್ಕೆ 24,000 ಆಗುತ್ತದೆ. ಅದನ್ನು ಪರಿಹಾರ ನಿಧಿ ಅಂತ ಬೇರೆ ಖಾತೆಯಲ್ಲಿ ಇಡಿ, ಲೆಕ್ಕ ಗೋಡೆಗೆ ಅಂಟಿಸಿ. "ಇಷ್ಟು ಕಟ್ಟಿದರೆ ಇಷ್ಟು ಕೊಡುತ್ತೇವೆ" ಅಂತ ಮಾತು ಕೊಡಬೇಡಿ. ಹಾಗೆ ಮಾಡಿದರೆ ಅದು ವಿಮಾ ವ್ಯಾಪಾರ ಆಗುತ್ತದೆ, ಅದಕ್ಕೆ ಪರವಾನಗಿ ಬೇಕು. ಸಹಾಯ ಅಂತಲೇ ಇರಲಿ. ನಿಯಮದಲ್ಲಿ ಒಂದು ಸಾಲು ಮಾತ್ರ ತಪ್ಪದೆ ಬರೆಯಿರಿ: ನಮ್ಮವರಿಂದ ಗಾಯಗೊಂಡವರಿಗೆ, ಅವರು ಯಾವ ಜಾತಿ, ಯಾವ ಧರ್ಮದವರಾದರೂ, ಮೊದಲ ಹಕ್ಕು. ಇದರ ಜೊತೆಗೆ ಮೇ ತಿಂಗಳ ಒಂದು ಜುಮುಆ ದಿನ ಮಸೀದಿಯ ಅಂಗಳದಲ್ಲಿ ಮೇಜು ಹಾಕಿ, ಬ್ಯಾಂಕಿನವರನ್ನು ಕರೆಸಿ, 20 ರೂಪಾಯಿಯ ಅರ್ಜಿ ತುಂಬಿಸಿ. ಎಷ್ಟು ಹುಡುಗರ ಗಾಡಿಯ ಲಾಕ್ ತೆಗೆದಿದೆ ಅಂತ ಅಂದೇ ನೋಡಿ, ಮತ್ತೆ ಹಾಕಿಸಿ.

ಅಜ್ಜ ಈಗ ಕೋಲು ಹಿಡಿದು ನಡೆಯುತ್ತಾರೆ. ಮಗ್ಗದ ಮುಂದೆ ನಿಲ್ಲಲಿಕ್ಕೆ ಆಗುವುದಿಲ್ಲ, ಮನೆ ಜಗಲಿಯಲ್ಲಿ ಕೂತು ನೂಲು ಸುತ್ತುತ್ತಾರೆ. ಹುಡುಗ ವಾರಕ್ಕೊಮ್ಮೆ ಹೋಗಿ ನೋಡಿ ಬರುತ್ತಾನೆ. ನನ್ನ ಸೈಕಲು ಆ ಓಣಿಯ ಮುಂದೆ ಹೋಗುವಾಗ ಬೆಲ್ ಹೊಡೆಯುತ್ತೇನೆ, ಮಗ್ಗದ ಸದ್ದಿನಲ್ಲಿ ಅದು ಕೇಳಿಸುವುದಿಲ್ಲ ಅಂತ ಗೊತ್ತಿದ್ದೂ. ಆಮೇಲೆ ಇಳಿದು, ತಳ್ಳಿಕೊಂಡು ಆ ನಾಲ್ಕು ಹೆಜ್ಜೆ ದಾಟುತ್ತೇನೆ.